ಗದಗಿನ ಬಾವಿಯಿಂದ ಮಾವಿಯ ಸಮುದ್ರಕ್ಕೆ

ನಿಮಗೆ ಎಂದಾದರೂ ಹೀಗಾಗಿದೆಯೇ? ಜೊತೆಯಲ್ಲಿರುವವರೊಬ್ಬರು ನೇರವಾಗಿ ಅಪಾಯದ ಕಡೆಗೆ ಹೊರಟಿದ್ದಾರೆ. ಅದು ನಿಮಗೆ ಗೊತ್ತು, ಅವರ ಹೆಂಡತಿಗೂ ಗೊತ್ತು. ಬಾಯಿಬಿಟ್ಟರೆ ಅವರ ಮುಖ ಸಣ್ಣದಾಗುತ್ತದೆ ಎಂದು ಇಬ್ಬರೂ ನಗುತ್ತಾ, ಕಡಲೆಬೀಜ ತಿನ್ನುತ್ತಾ, ಫೋಟೋಗೆ ಪೋಸು ಕೊಡುತ್ತಾ ಕೂತಿದ್ದೀರಿ.

ನನಗೆ ಆಯಿತು. ಈ ಫೆಬ್ರವರಿಯಲ್ಲಿ, ಹವಾಯಿಯ ಮಾವಿ ದ್ವೀಪದಲ್ಲಿ. ಅಲ್ಲಿಯ ಫೋಟೋಗಳಿಗೆ ನೀವೆಲ್ಲ ಆಗಲೇ ‘ಸೂಪರ್’, ‘ಎಂಜಾಯ್’ ಎಂದು ಹಾಕಿ ಮುಗಿಸಿದ್ದೀರಿ. ಫೋಟೋದಲ್ಲಿ ಇಲ್ಲದ್ದನ್ನು ಈಗ ಬರೆಯುತ್ತೇನೆ. ಯಾರ ಕಥೆಯೋ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಆದ್ದರಿಂದ ಇನ್‌ಬಾಕ್ಸಿಗೆ ಬಂದು ‘ಪಾಪ, ಅವರ ವಿಷಯ ಯಾಕೆ ಹಾಕಿದಿರಿ’ ಎನ್ನಬೇಡಿ.

ಸಮಾಮಿಶ್

ನಮ್ಮ ಸಮಾಮಿಶ್ ಇರುವುದು ಅಮೆರಿಕದ ಸಿಯಾಟಲ್ ಪಕ್ಕದಲ್ಲಿ. ಈ ಕಡೆಯ ಚಳಿಗಾಲ ಎಂದರೆ ಊರಿನವರು ಹಿಮ ಎಂದುಕೊಳ್ಳುತ್ತಾರೆ. ಹಿಮವಾದರೆ ಬೆಳ್ಳಗಾದರೂ ಇರುತ್ತಿತ್ತು. ನಮ್ಮಲ್ಲಿ ಬೀಳುವುದು ಬೂದು. ನವೆಂಬರ್‌ನಲ್ಲಿ ಯಾರೋ ಆಕಾಶಕ್ಕೆ ಒಲೆ ಒರೆಸುವ ಬಟ್ಟೆ ಹೊದಿಸಿ ಹೋಗುತ್ತಾರೆ, ಯುಗಾದಿ ಕಳೆದರೂ ತೆಗೆಯುವುದಿಲ್ಲ. ಮಳೆಯೂ ಮಳೆಯ ಹಾಗೆ ಬರುವುದಿಲ್ಲ. ನಮ್ಮ ಮೈಸೂರಿನ ಮಳೆ ಬಂದು, ಗುಡುಗಿ, ಜಗಳವಾಡಿ ಹೊರಟುಹೋಗುತ್ತದೆ. ಇಲ್ಲಿಯದು ಬಾಗಿಲಲ್ಲಿ ನಿಂತು ಗೊಣಗುತ್ತಲೇ ಇರುತ್ತದೆ. ಡಾಕ್ಟರ್ ನನಗೆ ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟಾಗ ಮೈಸೂರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. “ಬಿಸಿಲಿಗೂ ಮಾತ್ರೆನಾ? ಇಲ್ಲಿಗೆ ಬಾ, ತಾರಸಿ ಮೇಲೆ ಹಪ್ಪಳದ ಜೊತೆ ನಿನ್ನನ್ನೂ ಒಣಗಿಸ್ತೀನಿ,” ಅಂದಳು.

ಆದ್ದರಿಂದ ಪ್ರತಿ ಫೆಬ್ರವರಿ, ಶಾಲೆಗಳಿಗೆ ಚಳಿಗಾಲದ ನಡುವಿನ ರಜೆ ಬಂದ ಕೂಡಲೇ, ನಾವು ಎರಡು ಮನೆಯವರು ಬಿಸಿಲು ಹುಡುಕಿಕೊಂಡು ಓಡುತ್ತೇವೆ. ನಾನು ಮತ್ತು ನನ್ನ ಗಂಡ ರವಿ ಒಂದು ಮನೆ. ಮಗ ಕಾಲೇಜಿಗೆಂದು ಬೇರೆ ಊರಿಗೆ ಹೋದ ಮೇಲೆ ಇಬ್ಬರೇ. ಇನ್ನೊಂದು ಮನೆ ಪಕ್ಕದ ರೆಡ್‌ಮಂಡ್ ಊರಿನ ಎಜುಕೇಶನ್ ಹಿಲ್‌ನ ವೀಣಾ, ಗಿರೀಶ್, ಅವರ ಮಗಳು ತನ್ವಿ. ಗಂಡ ಹೆಂಡತಿ ಇಬ್ಬರೂ ಗದಗಿನ ಕಡೆಯವರು. ತನ್ವಿ ಹುಟ್ಟಿದ್ದು ಇಲ್ಲೇ. ಈಗ ಎಂಟನೇ ಕ್ಲಾಸು, ಶಾಲೆಯ ಈಜಿನ ತಂಡದಲ್ಲಿದ್ದಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ.

ಗಿರೀಶ್ ಬಗ್ಗೆ ಹೇಳಬೇಕು. ಬೇಸಿಗೆಯಲ್ಲಿ ಅವರಷ್ಟು ಗದ್ದಲದ ಮನುಷ್ಯ ನಮ್ಮ ಗುಂಪಿನಲ್ಲೇ ಇಲ್ಲ. ಇಸ್ಪೀಟಿಗೆ ಕೂತರೆ ಪಕ್ಕದ ಮನೆಯ ನಾಯಿ ಬೊಗಳುತ್ತದೆ. ಚಳಿಗಾಲ ಬಂತೋ, ಒಂದೊಂದೇ ಕಿಟಕಿ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತಾರೆ. ಸಿಯಾಟಲ್ ನಗರದ ಫ್ರೀಮಾಂಟ್‌ನ ಆಫೀಸಿಗೆ ಕತ್ತಲಲ್ಲಿ ಹೋಗುತ್ತಾರೆ, ಕತ್ತಲಲ್ಲಿ ಸರೋವರದ ಮೇಲೆ ತೇಲುವ ಸೇತುವೆ ದಾಟಿ ಬರುತ್ತಾರೆ. ಈ ವರ್ಷ ಸಂಕ್ರಾಂತಿಯ ಎಳ್ಳುಬೆಲ್ಲ ಕೊಡಲು ಹೋದಾಗ ಅವರು ಊಟದ ಮೇಜಿನ ಮುಂದೆ, ಚಳಿಗಾಲದ ಮಂಕು ಕಳೆಯಲು ಡಾಕ್ಟರ್ ಹೇಳಿ ತರಿಸಿದ ಬಿಸಿಲಿನಂಥ ಬೆಳಕಿನ ದೀಪಕ್ಕೆ ಮುಖ ಕೊಟ್ಟು ಕೂತಿದ್ದರು. “ಬರ್ರಿ ಅಕ್ಕಾರ” ಎಂದವರು ಮತ್ತೆ ದೀಪದ ಕಡೆ ತಿರುಗಿದರು. ತನ್ವಿ ಅವರ ಹಿಂದಿನಿಂದಲೇ ಹೋಗಿ ಫ್ರಿಜ್ ತೆಗೆದು, ಏನೋ ತಗೊಂಡು, ಮೇಲೆ ಹೋದಳು. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ.

ಅಡುಗೆಮನೆಯಲ್ಲಿ ವೀಣಾ ಹೇಳಿದಳು: “ಆಫೀಸಿಂದ ಬರ್ತಾರ, ಬೂಟ್ ಸೈತ ಬಿಚ್ಚಂಗಿಲ್ಲ, ಆ ದೀಪದ ಮುಂದ ಕುಂದರ್ತಾರ. ಮಗಳು ಏನರ ಕೇಳಿದ್ರ ನಾಳೆ ಅಂತಾರ. ಆಕಿ ಈಗ ಕೇಳೋದ ಬಿಟ್ಟಾಳ ಶೈಲಾ.”

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈ ಸಲದ ಪ್ರವಾಸ ನಮ್ಮ ಚರ್ಮಕ್ಕಲ್ಲ, ಆ ಮನುಷ್ಯನಿಗೆ ಎಂದುಕೊಂಡೇ ಪೆಟ್ಟಿಗೆ ಕಟ್ಟಿದೆ.

ವಿಮಾನದಲ್ಲಿ

ಆ ವಾರ ಸಿಯಾಟಲ್‌ನಿಂದ ಮಾವಿಗೆ ಹೋಗುವ ವಿಮಾನ ಹತ್ತಿದರೆ ಬೇರೆ ಊರಿಗೆ ಹೋಗುತ್ತಿದ್ದೇವೆ ಎನ್ನಿಸುವುದೇ ಇಲ್ಲ. ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಮುರಿದು ನೋಡುವವರೆಲ್ಲ ಹೂವಿನ ಶರ್ಟು ಹಾಕಿಕೊಂಡು ಬಂದಿರುತ್ತಾರೆ. ಹಿಂದಿನ ಸಾಲಿನ ತೆಲುಗು ಕುಟುಂಬ ಪುಳಿಹೋರ ಬಿಚ್ಚಿತು. ನಮ್ಮ ವೀಣಾ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು. ಕಿಟಕಿ ಪಕ್ಕದಲ್ಲಿದ್ದ ಅಮೆರಿಕದ ಅಜ್ಜ ರೊಟ್ಟಿ ಮುರಿಯುವ ಶಬ್ದಕ್ಕೆ ನಿದ್ದೆಯಿಂದ ಎದ್ದು, ಒಂದು ತುಂಡು ಪಡೆದು, ಬಹಳ ಹೊತ್ತು ಅಗಿದ.

ಅಷ್ಟರಲ್ಲಿ ಗಗನಸಖಿ ಹಸಿರು ಎಲೆ, ಹಣ್ಣು, ಬೀಜ ತಂದವರು ತಿಳಿಸಬೇಕು ಎಂದು ಘೋಷಿಸಿದಳು. ದ್ವೀಪಕ್ಕೆ ಹೊರಗಿನ ಹುಳ ಬರಬಾರದಂತೆ. ವೀಣಾಳ ಮುಖ ಇಳಿಯಿತು. ಅವಳ ಬ್ಯಾಗಿನಲ್ಲಿ ಕರಿಬೇವು ಇತ್ತು. ಎರಡು ವರ್ಷ ಮನೆಯೊಳಗೆ ಕೂಸಿನಂತೆ ಸಾಕಿದ ಗಿಡದ ಕರಿಬೇವು.

“ತಿಂದುಬಿಡು,” ಅಂದೆ ನಾನು.

“ಹಸೀದ?”

“ಮತ್ತೆ? ಇಲ್ಲಾಂದ್ರೆ ಅಲ್ಲಿ ಕಸದ ಡಬ್ಬಿಗೆ ಹಾಕ್ಬೇಕು.”

ಪಾಪ, ಅವಳು ನಿಜವಾಗಿಯೂ ಒಂದೆಸಳು ಬಾಯಿಗೆ ಹಾಕಿಕೊಂಡಳು. ಅದನ್ನು ನೋಡಿ ಗಿರೀಶ್ ನಕ್ಕರು. ಸಣ್ಣ ನಗೆಯಲ್ಲ, ಬೇಸಿಗೆಯ ನಗೆ. ತನ್ವಿ ಕಿವಿಯಿಂದ ಇಯರ್‌ಫೋನ್ ತೆಗೆದು ಅಪ್ಪನನ್ನು ನೋಡಿದಳು. ನೋಡಿದವಳು ಕೇಳಿಬಿಟ್ಟಳು:

“ಅಪ್ಪಾ, ವಿಲ್ ಯು ಸ್ನಾರ್ಕೆಲ್ ವಿತ್ ಮಿ?”

ಮುಖಕ್ಕೆ ಗಾಜಿನ ಮುಖವಾಡ, ಬಾಯಿಗೆ ಒಂದು ಕೊಳವೆ ಹಾಕಿಕೊಂಡು ನೀರ ಮೇಲೆ ಬೋರಲಾಗಿ ತೇಲುತ್ತಾ ಕೆಳಗಿನ ಮೀನು ನೋಡುವ ಆಟ ಅದು. ಗಿರೀಶ್ ಒಂದು ಕ್ಷಣವೂ ಯೋಚಿಸಲಿಲ್ಲ. “ಬರ್ತೀನಿ. ಯಾಕ ಬರಂಗಿಲ್ಲ?” ಅಂದರು.

ವೀಣಾ ನನ್ನ ಕೈ ಹಿಂಡಿದಳು. ಸಂತೋಷಕ್ಕೆ ಎಂದುಕೊಂಡೆ. ಬಾಯಲ್ಲಿ ಕರಿಬೇವು ಇದ್ದದ್ದರಿಂದ ಅವಳೂ ಏನೂ ಹೇಳಲಿಲ್ಲ.

ಮಾವಿ, ಬಾಲ್ಕನಿ

ವಿಮಾನದ ಬಾಗಿಲು ತೆರೆದಾಗ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ರವಿ ಮೆಟ್ಟಿಲ ಮೇಲೇ ನಿಂತು ಕಣ್ಣು ಮುಚ್ಚಿದರು. ಹಿಂದಿನವರು ಬೈಯಬೇಕಿತ್ತು, ಬೈಯಲಿಲ್ಲ. ಅವರೂ ಕಣ್ಣು ಮುಚ್ಚಿ ನಿಂತಿದ್ದರು. ಊರಿನಲ್ಲಿ ಬಿಸಿಲಿಗೆ ಹೆದರಿ ಗೋಡೆಯ ನೆರಳು ಹಿಡಿದು ನಡೆದ ಜನ ನಾವು. ‘ಕರ್ರಗಾಗ್ತಿ, ಒಳಗ ಬಾ’ ಎಂದು ಬೈಸಿಕೊಂಡೇ ಬೆಳೆದೆ ಎಂದು ವೀಣಾ ಹೇಳುತ್ತಿರುತ್ತಾಳೆ. ಈಗ ಅದೇ ಬಿಸಿಲಿಗೆ ಸಮುದ್ರ ದಾಟಿ ಬಂದಿದ್ದೇವೆ.

ಸಂಜೆ, ಅಡುಗೆಮನೆಯೂ ಇದ್ದ ನಮ್ಮ ಹೋಟೆಲ್ ಕೋಣೆಯ ಬಾಲ್ಕನಿಯಲ್ಲಿ ಕೂತೆವು. ಕೆಳಗೆ ದಂಡೆಯ ಮೇಲೆ ಜನ ಸೂರ್ಯ ಮುಳುಗುವುದನ್ನು ಕಾಯುತ್ತಾ ನಿಂತಿದ್ದರು. ಮುಳುಗಿದ ಕೂಡಲೇ ಚಪ್ಪಾಳೆ ತಟ್ಟಿದರು. “ಏನೋ ದೊಡ್ಡ ಸಾಧನೆ ಮಾಡಿದ್ನಲ್ಲ ಸೂರ್ಯ,” ಅಂದೆ. “ಸಿಯಾಟಲ್‌ನಾಗ ಮೂಡಿದ್ರ ನಾನೂ ಚಪ್ಪಾಳಿ ಹೊಡೀತೀನಿ,” ಅಂದರು ಗಿರೀಶ್. ಆ ಮನುಷ್ಯ ವಾಪಸ್ ಬಂದಿದ್ದರು. ರೊಟ್ಟಿ ಮುರಿಯುತ್ತಾ ತಾವೇ ಮಾತು ತೆಗೆದರು.

“ತನ್ವಿ, ನಿಮ್ಮಪ್ಪ ಎಲ್ಲೆ ಈಜು ಕಲತಾನ ಗೊತ್ತೈತೇನು? ನಮ್ಮ ಹೊಲದ ಬಾವ್ಯಾಗ. ಬೆನ್ನಿಗೆ ಒಣಗಿದ ಸೋರೆಬುರುಡಿ ಕಟ್ಟಿ ನಮ್ಮ ಸ್ವಾದರಮಾವ ಮ್ಯಾಲಿಂದ ನೂಕಿಬಿಟ್ಟ.”

“ಎ ವೆಲ್? ವಿತ್ ಎ ಬಕೆಟ್?” ತನ್ವಿಗೆ ಕಥೆಪುಸ್ತಕದ ಬಾವಿ ಬಿಟ್ಟರೆ ಬೇರೆ ಬಾವಿ ಗೊತ್ತಿರಲಿಲ್ಲ.

“ಬಕೀಟಿನ ಬಾವಿ ಅಲ್ಲವ್ವ. ಈ ರೂಮಿಗಿಂತ ದೊಡ್ಡದು. ಕೆಳಗ ಇಳಿಯಾಕ ಸುತ್ತ ಕಲ್ಲಿನ ಪಾವಟಿಗಿ. ಎಲ್ಲಾ ಹುಡುಗರಿಗಿಂತ ನಾನ ಮುಂದ. ದಣಿವಾದ್ರ ಅಂಗಾತ ಮಲಗಿಬಿಡ್ತಿದ್ದೆ, ಎದಿ ಮ್ಯಾಲ ಕೈ ಕಟ್ಟಿ. ನೀರ ಹಾಸಿಗಿ. ಮ್ಯಾಲ ನೋಡಿದ್ರ ಆಕಾಶ ಒಂದು ತಾಟಿನಷ್ಟ ಕಾಣ್ತಿತ್ತು.”

“ದಟ್ಸ್ ಸೋ ಕೂಲ್,” ಅಂದಳು ತನ್ವಿ. ಅಪ್ಪನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ವೀಣಾ ಒಳಗೆ ಹೋಗಿ ಒಗ್ಗರಣೆ ಹಾಕಿದಳು, ಹೊಗೆಯ ಅಲಾರಂ ಬಡಿದುಕೊಂಡಿತು, ರವಿ ಟವೆಲ್ ಬೀಸುತ್ತಾ ಕೋಣೆಯೆಲ್ಲ ಓಡಿದರು. ಅಷ್ಟು ಖುಷಿಯ ಸಂಜೆ ನಮಗೆ ಬಹಳ ದಿನಗಳಿಂದ ಸಿಕ್ಕಿರಲಿಲ್ಲ. ಹಾಗಾಗಿ ಮರುದಿನ ನಾನು ನೋಡಿದ್ದು ನನಗೆ ಬೇಡವಾಗಿತ್ತು.

ಹೋಟೆಲಿನ ಈಜುಕೊಳ

ಬೆಳಿಗ್ಗೆ ಕೊಳದ ಹತ್ತಿರ ಹೋದರೆ ಒಂದು ಕುರ್ಚಿಯೂ ಖಾಲಿ ಇಲ್ಲ, ಆದರೆ ಮನುಷ್ಯರೂ ಇಲ್ಲ. ಎಲ್ಲ ಕುರ್ಚಿಗಳ ಮೇಲೂ ಟವೆಲ್. ನಮ್ಮ ಕೆಂಪು ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತೇವಲ್ಲ, ಅದೇ ವಿದ್ಯೆ. ನಾನು ಎರಡು ಟವೆಲ್ ಮಡಿಸಿ ಪಕ್ಕಕ್ಕಿಟ್ಟು ಕೂತೆ. ಯಾರೂ ಕೇಳಲಿಲ್ಲ.

ಕೂತು ನೋಡುತ್ತಿದ್ದೆ. ನನಗೆ ಈಜು ಬರುವುದಿಲ್ಲ. ನಮ್ಮ ಕಾಲದಲ್ಲಿ ಮೈಸೂರಿನ ಹುಡುಗಿಯರಿಗೆ ಕೆರೆ ಎಂದರೆ ಕೈ ಮುಗಿಯಲು, ಕಾಲಿಡಲು ಅಲ್ಲ. ಈಜು ಬಾರದವರು ಈಜುವವರನ್ನು ಬಹಳ ಗಮನವಿಟ್ಟು ನೋಡುತ್ತಾರೆ.

ಗಿರೀಶ್ ನೀರಿಗೆ ಧುಮುಕಿದರು. ಚೆನ್ನಾಗಿಯೇ ಕೈ ಬೀಸಿದರು, ತಲೆ ಪೂರಾ ಮೇಲೆ. ಆದರೆ ಕೊಳದ ಸುತ್ತ ಮಾತ್ರ. ನಾಲ್ಕು ಸಲ ಕೈ ಬೀಸಿದರೆ ಒಂದು ಸಲ ಅಂಚು ಮುಟ್ಟುತ್ತಿದ್ದರು. ಮಾತಿಗೆ ನಿಂತರೂ ಅಂಚು, ಉಸಿರಿಗೆ ನಿಂತರೂ ಅಂಚು. ತನ್ವಿ ನಡುವಿನಿಂದ ಕರೆದಳು. ಅವರು ‘ಬಂದೆ’ ಎಂದು ಕೈಯಾಡಿಸಿ ಮತ್ತೆ ಅಂಚಿನಲ್ಲೇ ಒಂದು ಸುತ್ತು ಹಾಕಿದರು. ನಡುವಿಗೆ ಹೋಗಲೇ ಇಲ್ಲ. ಕೈಚಾಚಿದರೆ ಸಿಗುವ ಕಲ್ಲಿನ ಮೆಟ್ಟಿಲು ಇಲ್ಲದ ನೀರಿನಲ್ಲಿ ಈ ಮನುಷ್ಯ ಜೀವನದಲ್ಲಿ ಈಜಿಲ್ಲ ಎಂದು ನನಗೆ ಆಗ ಹೊಳೆಯಿತು. ಅದು ಅವರಿಗೇ ಹೊಳೆದಿಲ್ಲ ಎಂದೂ ಅನ್ನಿಸಿತು.

ಮರುದಿನ ಬೆಳಿಗ್ಗೆ ನಮ್ಮ ದೋಣಿ ಇತ್ತು. ಸಮುದ್ರದ ನಡುವೆ.

ವೀಣಾಳನ್ನು ತೆಂಗಿನ ಮರದ ಹತ್ತಿರ ಎಳೆದುಕೊಂಡು ಹೋದೆ. “ನೋಡೇ, ನಿನ್ ಗಂಡ ಗೋಡೆ ಬಿಡ್ತಿಲ್ಲ.”

“ಗೊತ್ತು,” ಅಂದಳು.

“ಗೊತ್ತಾ? ನಾಳೆ ಅಲ್ಲಿ ಗೋಡೆ ಎಲ್ಲಿರತ್ತೆ? ನಾನೀಗ್ಲೇ ಹೋಗಿ ಹೇಳ್ತೀನಿ.”

“ಬ್ಯಾಡ ಶೈಲಾ. ಕೈ ಮುಗೀತೀನಿ.” ಅವಳ ಕಣ್ಣು ಕೊಳದ ಕಡೆಗಿತ್ತು. ಅಲ್ಲಿ ಅಪ್ಪ ಮಗಳು ಒಬ್ಬರ ಮೇಲೊಬ್ಬರು ನೀರೆರಚುತ್ತಿದ್ದರು. “ನವೆಂಬರಿಂದ ಇವರಿಬ್ಬರೂ ಹಿಂಗ ನಕ್ಕಿಲ್ಲ. ಆಕಿ ಬಾಯಿಬಿಟ್ಟು ಕರದಾಳ, ಇವರು ಹೂಂ ಅಂದಾರ. ಈಗ ಆಕಿ ಮುಂದ ನಿಮ್ಮಪ್ಪಗ ಈಜಾಕ ಬರಂಗಿಲ್ಲ ಅಂದ್ರ ಮತ್ತ ಆ ದೀಪದ ಮುಂದ ಹೋಗಿ ಕುಂದರ್ತಾರ. ದೋಣ್ಯಾಗ ಲೈಫ್ ಜಾಕೆಟ್ ಕೊಡ್ತಾರಲ್ಲ, ಹಾಕ್ಕೋತಾರ ಬಿಡು.”

“ಹಾಕ್ಕೊಳ್ದೇ ಇದ್ರೆ?”

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು ಹೂಂ ಅಂದೆ. ಆ ರಾತ್ರಿ ಅನ್ನ ತಟ್ಟೆಯಲ್ಲೇ ಬಿಟ್ಟೆ. ರವಿ ‘ಏನಾಯ್ತೇ’ ಎಂದರೆ ‘ಉಪ್ಪು ಜಾಸ್ತಿ’ ಅಂದೆ.

ದೋಣಿ

ದೋಣಿ ಹೋಗಿ ನಿಂತದ್ದು ಒಂದು ವಿಚಿತ್ರ ಜಾಗದಲ್ಲಿ. ಎಂದೋ ಸತ್ತ ಜ್ವಾಲಾಮುಖಿಯ ಬಾಯಿ ಅದು. ಅರ್ಧ ನೀರಿನೊಳಗೆ ಮುಳುಗಿದೆ, ಉಳಿದರ್ಧ ಅರ್ಧಚಂದ್ರದ ಹಾಗೆ ಮೇಲೆದ್ದು ನಿಂತಿದೆ. ನಡುವೆ ನೀರು ಎಷ್ಟು ತಿಳಿಯೆಂದರೆ ದೋಣಿಯ ನೆರಳು ತಳದಲ್ಲಿ ಕಾಣುತ್ತಿತ್ತು.

ಗಿರೀಶ್ ಕನ್ನಡಕ ತೆಗೆದು ವೀಣಾಳ ಕೈಗೆ ಕೊಟ್ಟರು. ಕಣ್ಣು ಕಿರಿದಾಗಿಸಿ ಆ ಕಲ್ಲಿನ ಗೋಡೆ ನೋಡಿದರು. “ಅಕ್ಕಾರ, ಇದೂ ಬಾವೀನ ನೋಡ್ರಿ. ಅರ್ಧಾ ಕಟ್ಟಿ ಬಿದ್ದೈತಿ, ಅಷ್ಟ.”

ಕಟ್ಟೆಯೇನೋ ಕಾಣುತ್ತಿತ್ತು, ಎಷ್ಟೋ ದೂರದಲ್ಲಿ.

ದೋಣಿಯ ಕೆಲಸದ ಹುಡುಗಿ, ಬಿಸಿಲಿಗೆ ಕೂದಲು ಮೆಕ್ಕೆಜೋಳದ ತೆನೆಯ ಎಳೆಗಳ ಬಣ್ಣಕ್ಕೆ ತಿರುಗಿದವಳು, ಎಲ್ಲರನ್ನೂ ಸೇರಿಸಿ ನಿಯಮ ಹೇಳಿದಳು. ಕೊನೆಗೆ, “ಈಜು ಬಾರದವರು, ಅಥವಾ ಆಳದ ನೀರಿನಲ್ಲಿ ಈಜಿ ಅಭ್ಯಾಸ ಇಲ್ಲದವರು ಕೈ ಎತ್ತಿ. ಇಲ್ಲಿ ನಾಚಿಕೆ ಏನಿಲ್ಲ, ನಿಮಗೆ ತೇಲುವ ಸಾಮಾನು ಕೊಡುತ್ತೇನೆ,” ಎಂದಳು.

ದೋಣಿಯಲ್ಲಿ ನಮ್ಮ ದೇಶದವರೇ ಅರ್ಧಕ್ಕಿಂತ ಹೆಚ್ಚು. ಎಲ್ಲರೂ ಗಂಭೀರವಾಗಿ ಕಾಲಬೆರಳು ನೋಡಿಕೊಂಡರು. ಒಂದು ಕೈಯೂ ಏಳಲಿಲ್ಲ. ಕ್ಲಾಸಿನಲ್ಲಿ ‘ಡೌಟ್ ಇದೆಯಾ’ ಎಂದು ಮೇಷ್ಟ್ರು ಕೇಳಿದಾಗ ನಾವು ಕೂರುತ್ತಿದ್ದದ್ದು ಹೀಗೇ.

ನಾನು ಕೈ ಎತ್ತಿದೆ. ಎತ್ತಿ ಹಿಡಿದೇ ಗಿರೀಶ್ ಕಡೆ ನೋಡಿದೆ, ‘ನೀವೂ ಎತ್ತಿ’ ಎಂದು ಕಣ್ಣಲ್ಲೇ ಹೇಳಿದೆ. ಅವರು ನಕ್ಕು ಹೆಬ್ಬೆರಳು ತೋರಿಸಿದರು, ನನಗೆ ಧೈರ್ಯ ಹೇಳುವವರ ಹಾಗೆ. ತನ್ವಿ ಅವರ ತೋಳು ಹಿಡಿದು ನಿಂತಿದ್ದಳು. ವೀಣಾ ಕನ್ನಡಕವನ್ನು ದುಪಟ್ಟಾದಿಂದ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

ನನಗೆ ಹಳದಿ ಜಾಕೆಟ್, ಜೊತೆಗೆ ಉದ್ದನೆಯ ಒಂದು ಸ್ಪಂಜಿನ ಕೋಲು ಸಿಕ್ಕಿತು. ಜಾಕೆಟ್ಟಿನೊಳಗೆ ನಾನು ಹಬ್ಬಕ್ಕೆ ಹೊರಟ ಎತ್ತಿನ ಹಾಗಿದ್ದೆ. “ಗಿರೀಶ್, ನೀವೂ ಒಂದು ತಗೊಳ್ಳಿ, ನಂಗೆ ಕಂಪನಿ ಆಗತ್ತೆ,” ಅಂದೆ. ಅದಕ್ಕಿಂತ ನೇರವಾಗಿ ಹೇಳಲು ವೀಣಾಳಿಗೆ ಕೊಟ್ಟ ಮಾತು ಬಿಡಲಿಲ್ಲ.

“ಬಾವ್ಯಾಗ ಈಜಿದಾಂವಗ ಜಾಕೀಟ್ ಹಾಕಿದ್ರ ನಮ್ಮ ಸ್ವಾದರಮಾವ ಸ್ವರ್ಗದಾಗ ನಗ್ತಾನ್ರಿ.”

ನೀರು

ರವಿ ಫೋನಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮೀನು ಬೆನ್ನಟ್ಟುತ್ತಾ ದೋಣಿಯ ಆಚೆ ಬದಿಗೆ ಹೋದರು. ನಾನು ಏಣಿಯ ಹತ್ತಿರವೇ ತೇಲುತ್ತಿದ್ದೆ. ಮೀನು ನೋಡಲಿಲ್ಲ. ಗಿರೀಶ್ ಅವರನ್ನೇ ನೋಡುತ್ತಿದ್ದೆ.

ಮೊದಲು ಏಣಿ ಹಿಡಿದುಕೊಂಡಿದ್ದರು. ಮುಖವಾಡ ಹಾಕಿ ಒಂದೆರಡು ಸಲ ತಲೆ ಮುಳುಗಿಸಿದರು. ಚೆನ್ನಾಗಿಯೇ ಇತ್ತು. ಆಮೇಲೆ ತನ್ವಿ ದೂರದಿಂದ ಕೂಗಿದಳು: “ಅಪ್ಪಾ, ಟರ್ಟಲ್. ಕಮ್.”

ಅವರು ಏಣಿ ಬಿಟ್ಟರು.

ನಾಲ್ಕು ಸಲ ಕೈ ಬೀಸಿದರು. ಐದನೆಯದಕ್ಕೆ ಕೈ ಪಕ್ಕಕ್ಕೆ ಹೋಯಿತು, ಅಂಚು ಮುಟ್ಟಲು. ಅಂಚು ಇರಲಿಲ್ಲ. ಮುಂದೆ ಹೋದರು. ಮತ್ತೆ ಕೈ ಪಕ್ಕಕ್ಕೆ. ಅಷ್ಟರಲ್ಲಿ ಒಂದು ಅಲೆ ಕೊಳವೆಯೊಳಗೆ ನುಗ್ಗಿರಬೇಕು, ಅವರು ಮುಖವಾಡ ಕಿತ್ತು ಎಸೆದರು. ಇದ್ದಲ್ಲೇ ತಿರುಗತೊಡಗಿದರು. ಒಂದು ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಕತ್ತಲ ಮನೆಯಲ್ಲಿ ಸ್ವಿಚ್ಚು ಹುಡುಕುವವರ ಹಾಗೆ ಸುತ್ತಲೂ ತಡಕಿದರು. ಕೂಗಲಿಲ್ಲ. ಮುಳುಗುವವರು ಕೂಗುತ್ತಾರೆ ಎಂದುಕೊಂಡಿದ್ದೆ. ಕೂಗುವುದಿಲ್ಲ, ತಿಳಿದಿರಲಿ. ಬಾಯಿ ನೀರಿನ ಮಟ್ಟಕ್ಕೆ ಬಂತು, ಹೋಯಿತು, ಮತ್ತೆ ಬಂತು. ಕನ್ನಡಕವಿಲ್ಲದ ಕಣ್ಣಿಗೆ ದೋಣಿ ಎಲ್ಲಿದೆಯೆಂದೂ ಕಾಣುತ್ತಿರಲಿಲ್ಲ.

ನಾನು ಕೂಗಿದೆ. ಇಂಗ್ಲಿಷಿನಲ್ಲಿ ಕೂಗಿದೆ, ರವಿಯನ್ನು ಕೂಗಿದೆ, ದೇವರನ್ನು ಕೂಗಿದೆ. ದೋಣಿಯ ಮೇಲಿನ ಹುಡುಗಿ ತಿರುಗಿ ನೋಡಿ ಕೆಂಪು ತೇಲುಬೋರ್ಡು ಎತ್ತಿಕೊಂಡದ್ದು ಕಂಡಿತು. ಅವಳು ನೀರಿಗೆ ಹಾರಿ ಬರುವಷ್ಟು ಹೊತ್ತು ಗಿರೀಶ್ ಬಳಿ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಕಾಲು ಬಡಿದೆ. ಜಾಕೆಟ್ ಮುಳುಗಲು ಬಿಡುವುದಿಲ್ಲ, ಮುಂದೆ ಹೋಗಲೂ ಬಿಡುವುದಿಲ್ಲ. ಹೇಗೋ ಅವರ ಹತ್ತಿರಕ್ಕೆ ಬಂದೆ. ಸ್ಪಂಜಿನ ಕೋಲು ಚಾಚಿದೆ. ಅವರಿಗೆ ಕಾಣಲಿಲ್ಲ. ಆಗ ಆ ಬಾಲ್ಕನಿಯ ಮಾತು ನನ್ನ ಬಾಯಿಗೆ ಬಂತು.

“ಗಿರೀಶ್, ಅಂಗಾತ. ಬಾವೀಲಿ ಮಲಗ್ತಿದ್ರಲ್ಲ, ಹಾಗೆ. ಕೈ ಬಿಡಿ. ಅಂಗಾತ ಮಲಗಿ.”

ಒಂದು ಸಲ ಹೇಳಿದೆ, ಎರಡು ಸಲ ಹೇಳಿದೆ. ಮೂರನೆಯ ಸಲ ಅವರ ಕುತ್ತಿಗೆ ಹಿಂದಕ್ಕೆ ಬಾಗಿತು. ಎದೆ ಮೇಲೆ ಬಂತು. ಹೊಟ್ಟೆ ಮೇಲೆ ಬಂತು. ಎಂದೋ ಕಲಿತ ದೇಹ ತಾನಾಗಿ ಹಾಸಿಗೆ ಹಾಸಿಕೊಂಡಿತು. ಬಾಯಿ ಆಕಾಶಕ್ಕೆ ತೆರೆದುಕೊಂಡು ಭಯಂಕರವಾಗಿ ಉಸಿರು ಎಳೆಯಿತು.

ಆ ಹೊತ್ತಿಗೆ ತನ್ವಿ ಬಂದಿದ್ದಳು. ಒಂದು ಕೈಯನ್ನು ಅಪ್ಪನ ತಲೆಯ ಕೆಳಗೆ ಇಟ್ಟಳು. “ಐ ಗಾಟ್ ಯು,” ಎಂದಳು, ಬಹಳ ಮೆಲ್ಲಗೆ. ಅದರ ಹಿಂದೆಯೇ ಕೆಂಪು ಬೋರ್ಡು ಬಂತು.

ವಾಪಸ್ ದೋಣಿಯಲ್ಲಿ

ಗಿರೀಶ್ ಉಪ್ಪುನೀರು ಕಾರಿದರು. ದೋಣಿಯ ಹುಡುಗಿ ನಾಡಿ ನೋಡಿದಳು, ಎದೆಗೆ ಕಿವಿ ಕೊಟ್ಟಳು, ದಡಕ್ಕೆ ಹೋದ ಮೇಲೆ ಡಾಕ್ಟರ್‌ಗೆ ತೋರಿಸಲೇಬೇಕೆಂದಳು. ತೋರಿಸಿದೆವು, ಏನೂ ಆಗಿರಲಿಲ್ಲ. ಟವೆಲ್ ಹೊದಿಸಿ ಬಿಸಿ ಕೋಕೋ ಕೊಟ್ಟಳು. ಉಳಿದವರು ಸೌಜನ್ಯಕ್ಕೆ ಬೇರೆ ಕಡೆ ನೋಡುತ್ತಿದ್ದರು. ಅವರಲ್ಲಿ ಇಬ್ಬರು ಗಂಡಸರು ಸದ್ದಿಲ್ಲದೆ ಹೋಗಿ ಜಾಕೆಟ್ ಕೇಳಿ ಹಾಕಿಕೊಂಡರು.

ವೀಣಾ ನನ್ನ ಪಕ್ಕ ಕೂತಳು. ಅಳಲಿಲ್ಲ. “ನೀ ಯಾಕ ಹೇಳ್ಲಿಲ್ಲ?” ಅಂದಳು.

“ನೀನೇ ಬೇಡ ಅಂದೆ.”

“ನಾ ಬ್ಯಾಡಂದಿದ್ದು ನೀ ಯಾವತ್ತರ ಕೇಳೀಯೇನು? ನನ್ನ ಸೊಸಿಗಿಂತ ಬಾಯಿ ನಿಂದು. ಈ ಒಂದ ಸಲ ಯಾಕ ಕೇಳ್ದಿ?”

ಅವಳಿಗೆ ಸೊಸೆಯೇ ಇಲ್ಲ. ಆದರೂ ತಲೆ ಬಗ್ಗಿಸಿ ಬೈಸಿಕೊಂಡೆ. ಅವಳು ನನ್ನ ಒದ್ದೆ ತೋಳಿಗೆ ತಲೆ ಆನಿಸಿದಳು, ದಡ ಮುಟ್ಟುವವರೆಗೂ ತೆಗೆಯಲಿಲ್ಲ.

ಎದುರಿನ ಬೆಂಚಿನ ಹತ್ತಿರ ತನ್ವಿ ಅಪ್ಪನ ಕನ್ನಡಕ ಹಿಡಿದು ನಿಂತಿದ್ದಳು. ಅದನ್ನು ತಾನೇ ಅವರ ಕಿವಿಗೆ ಸಿಕ್ಕಿಸಿದಳು. “ಯು ಕುಡ್ ಹ್ಯಾವ್ ಜಸ್ಟ್ ಟೋಲ್ಡ್ ಮಿ,” ಎಂದಳು.

ಗಿರೀಶ್ ಕೋಕೋದ ಕಪ್ಪನ್ನೇ ನೋಡುತ್ತಿದ್ದರು. “ನೀ ಭಾಳ ದಿನದ ಮ್ಯಾಲ ಕರದಿದ್ದಿ ಅವ್ವ. ಇಲ್ಲ ಅನ್ನಾಕ ಆಗ್ಲಿಲ್ಲ.”

“ಐ ಜಸ್ಟ್ ವಾಂಟೆಡ್ ಯು ಟು ಕಮ್, ಅಪ್ಪಾ. ದ ಪೂಲ್ ವುಡ್ ಹ್ಯಾವ್ ಬೀನ್ ಫೈನ್.”

ಅವಳಿಗೆ ಸಮುದ್ರ ಬೇಕಿರಲಿಲ್ಲ. ಜೊತೆಗೆ ಅಪ್ಪ ಬೇಕಿತ್ತು, ಹೋಟೆಲಿನ ಕೊಳವೂ ಸಾಕಿತ್ತು. ಅಷ್ಟು ಜನ ದೊಡ್ಡವರು ಎರಡು ದಿನ ಉಸಿರು ಬಿಗಿಹಿಡಿದು ಕಾಪಾಡಿದ್ದ ಮರ್ಯಾದೆ ಆ ಹುಡುಗಿಗೆ ಯಾವ ಲೆಕ್ಕದಲ್ಲೂ ಇರಲಿಲ್ಲ.

ಗಿರೀಶ್ ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಅಕ್ಕಾರ, ಬಾವ್ಯಾಗ ಅಂಗಾತ ಮಲಗಿದ್ರ ಆಕಾಶ ತಾಟಿನಷ್ಟ ಕಾಣ್ತೈತಿ ಅಂದಿದ್ನಲ್ರಿ. ಸುತ್ತ ಅಂಚ ಇರ್ತೈತಿ. ಇಲ್ಲೆ ಕಣ್ಣ ತೆಗದ್ರ ಆಕಾಶಕ್ಕೂ ಅಂಚ ಇದ್ದಿಲ್ರಿ. ನೀರಿಗಿಂತ ಅದರದ ಹೆದರಿಕಿ ಆತು.”

ರೆಡ್‌ಮಂಡ್

ಮನೆಗೆ ಬಂದೆವು. ಬೂದು ಆಕಾಶ ನಾವು ಬಿಟ್ಟುಹೋದಲ್ಲೇ ಇತ್ತು. ನನ್ನ ಚಿಂತೆ ನಿಜಕ್ಕೂ ಆಗ ಶುರುವಾಯಿತು. ಸಮುದ್ರದಿಂದ ಎಳೆದು ತಂದದ್ದಾಯಿತು, ಆ ದೀಪದ ಮುಂದಿನಿಂದ ಎಳೆಯುವವರು ಯಾರು? ಇಷ್ಟು ಅವಮಾನವಾದ ಮೇಲೆ ಮನುಷ್ಯ ಮತ್ತೆ ಬಾಯಿ ತೆರೆಯುತ್ತಾನೋ ಇಲ್ಲವೋ. ದಿನಾ ವೀಣಾಳಿಗೆ ಫೋನ್ ಮಾಡಿ, ‘ಕೂತಿದ್ದಾರಾ’ ಎಂದು ಕೇಳುತ್ತಿದ್ದೆ. “ಕುಂತಾರ” ಎನ್ನುತ್ತಿದ್ದಳು. ಮರುದಿನವೂ “ಕುಂತಾರ”.

ಒಂದು ಶನಿವಾರ ಬೆಳಿಗ್ಗೆ ಫೋನ್ ಬಂದದ್ದು ಗಿರೀಶ್ ಅವರಿಂದಲೇ.

“ಅಕ್ಕಾರ, ಇಲ್ಲೆ ನಮ್ಮ ಹತ್ರದ ಪೂಲಿನಾಗ ದೊಡ್ಡವರಿಗೆ ಈಜು ಕಲಸ್ತಾರಂತ. ತನ್ವಿ ನನ್ನ ಹೆಸರ ಬರಸಿ ಬಂದಾಳ. ನಿಮ್ದೂ ಬರಸ್ಯಾಳ.”

“ನಂದ್ಯಾಕೆ?”

“ನೀವ ಅಲ್ಲೇನ್ರಿ ಕೈ ಎತ್ತಿದವರು. ಈಗ ಅನುಭವಸ್ರಿ.”

ಹೋದೆವು. ಹೊರಗೆ ಅದೇ ಗೊಣಗುವ ಮಳೆ, ಒಳಗೆ ಕ್ಲೋರಿನ್ ವಾಸನೆ. ಸೊಂಟದಷ್ಟು ನೀರಿನಲ್ಲಿ ನಮ್ಮಂಥ ಹಲವು ಮಧ್ಯವಯಸ್ಕರು ನಡುಗುತ್ತಾ ನಿಂತಿದ್ದೆವು. ತನ್ವಿ ಬೆಂಚಿನ ಮೇಲೆ ಹೋಮ್‌ವರ್ಕ್ ಬಿಡಿಸಿಕೊಂಡು ಕೂತಿದ್ದಳು, ಆದರೆ ಪುಟ ತಿರುವಿದ್ದು ನಾನು ನೋಡಲಿಲ್ಲ. ಕಲಿಸುವ ಹೆಂಗಸು, ನನಗಿಂತ ದೊಡ್ಡವರು, ಎಲ್ಲರನ್ನೂ ನೋಡಿ ಕೇಳಿದರು: “ಗೋಡೆ ಬಿಟ್ಟು ಈಜಲು ಯಾರಿಗೆ ಭಯ?”

ಎಲ್ಲರೂ ಕಾಲಬೆರಳು ನೋಡಿಕೊಂಡರು. ನಾನು ಗಿರೀಶ್ ಕಡೆ ನೋಡಲಿಲ್ಲ, ನೋಡಲು ಧೈರ್ಯವಾಗಲಿಲ್ಲ. ಕಣ್ಣಂಚಿನಲ್ಲಿ ಮಾತ್ರ ಕಂಡಿತು. ನೀರಿನಿಂದ ಒಂದು ಕೈ ಮೇಲೆದ್ದಿತು. ತಡಕಾಡುವ ಕೈಯಲ್ಲ, ನೆಟ್ಟಗೆ ನಿಂತ ಕೈ. ಅದರ ಹಿಂದೆಯೇ ನನ್ನದು, ಆಮೇಲೆ ಒಂದೊಂದಾಗಿ ಎಲ್ಲರದೂ. ಬೆಂಚಿನ ಕಡೆಯಿಂದ ಯಾರೋ ಒಬ್ಬಳು ಚಪ್ಪಾಳೆ ತಟ್ಟಿದಳು, ಮಾವಿಯಲ್ಲಿ ಸೂರ್ಯನಿಗೆ ತಟ್ಟುತ್ತಿದ್ದ ಹಾಗೆ.

ಇದನ್ನು ಹಾಕಲು ಗಿರೀಶ್ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ‘ಬಾವ್ಯಾಗ ನಾನ ನಂಬರ್ ಒನ್ ಅಂತ ಬರೀರಿ’ ಎಂದು. ಬರೆದಿದ್ದೇನೆ. ಈಗ ನಿಮ್ಮ ಸರದಿ. ಎಲ್ಲರೆದುರು ಕೈ ಎತ್ತಬೇಕಾದಲ್ಲಿ ಎತ್ತದೇ ಕೂತದ್ದು, ಅಥವಾ ಪಕ್ಕದವರಿಗೆ ಹೇಳಬೇಕಾದ ಮಾತನ್ನು ಅವರ ಮರ್ಯಾದೆಗೆ ಹೆದರಿ ನುಂಗಿದ್ದು, ನಿಮ್ಮಲ್ಲೂ ಇದ್ದೇ ಇರುತ್ತದೆ. ಕೆಳಗೆ ಬರೆಯಿರಿ. ಶನಿವಾರ ಕ್ಲಾಸು ಮುಗಿದ ಮೇಲೆ ಕಾಫಿ ಕುಡಿಯುತ್ತಾ ನಾನು ಗಿರೀಶ್‌ಗೆ ಒಂದೊಂದನ್ನೂ ಓದಿ ಹೇಳುತ್ತೇನೆ. ಅವರು ಈಗ ಗೋಡೆಯಿಂದ ಐದು ಸಲ ಕೈ ಬೀಸುವಷ್ಟು ದೂರ ಹೋಗುತ್ತಾರೆ. ನಾನು ಇನ್ನೂ ಗೋಡೆ ಬಿಟ್ಟಿಲ್ಲ.